ಟಿಪ್ಪಣಿಯು ಸ್ಥಳ ಬಿಟ್ಟರೆ ಕೊಂಡಿಯ ಗತಿಯೇನು?

ನಾಲತವಾಡದ ವಾಚಕಿಯೊಬ್ಬರು ನಮಗೆ ಪತ್ರ ಬರೆದಿರುವರು. ಹೊಲದ ಕಾಗದಪತ್ರಗಳ ವಿವರ, ತೊಗರಿಯ ಲೆಕ್ಕ, ಮಾವನವರ ಔಷಧೋಪಚಾರ ಮೊದಲಾದ ಮನೆಯ ಬರವಣಿಗೆಯನ್ನೆಲ್ಲ ಅವರು ಗಣಕಯಂತ್ರದ ಟಿಪ್ಪಣಿಗಳಲ್ಲಿ ಇಟ್ಟಿದ್ದರು. ಒಂದರಿಂದ ಇನ್ನೊಂದಕ್ಕೆ ಕೊಂಡಿಗಳಿದ್ದವು. ರಜೆಗೆ ಬಂದ ಮಗನು ಅಚ್ಚುಕಟ್ಟು ಮಾಡುವ ಉತ್ಸಾಹದಿಂದ ಹೊಸ ಫೋಲ್ಡರುಗಳನ್ನು ಮಾಡಿ, ಹೆಸರುಗಳನ್ನು ತಿದ್ದಿ, ಎಲ್ಲವನ್ನೂ ಸ್ಥಳಾಂತರಿಸಿದನು. ಮುಂದೆ ಮಾವನವರನ್ನು ವೈದ್ಯರ ಬಳಿಗೆ ಕರೆದೊಯ್ದಾಗ, ಯಾವ ಗುಳಿಗೆಯಿಂದ ಅವರ ಮೈಮೇಲೆ ದದ್ದು ಏಳುವದೆಂಬ ಪ್ರಶ್ನೆ ಬಂದಿತು. ಕೊಂಡಿಯನ್ನು ಒತ್ತಿದರೆ ತೆರೆದದ್ದು ಬರಿಯ ಹಾಳೆ! ಬರೆದದ್ದೆಲ್ಲ ಅಳಿದುಹೋಯಿತೇ ಎಂದು ಅವರು ಕೇಳಿರುವರು.

ಅಳಿದಿರಲಾರದು. ಟಿಪ್ಪಣಿಯು ಇದ್ದೇ ಇರುವದು. ಅದಕ್ಕೆ ಹೋಗುವ ದಾರಿ ಮಾತ್ರ ತಪ್ಪಿದೆ. ಅಬ್ಸಿಡಿಯನ್ ಎಂಬ ತಂತ್ರಾಂಶದಲ್ಲಿ ಕೊಂಡಿಯು ಟಿಪ್ಪಣಿಯ ಹೆಸರನ್ನೋ ಅದಿರುವ ಫೋಲ್ಡರಿನ ದಾರಿಯನ್ನೋ ನಂಬಿರುವದು. ತಂತ್ರಾಂಶದೊಳಗಿಂದಲೇ ಹೆಸರನ್ನಾಗಲಿ ಸ್ಥಳವನ್ನಾಗಲಿ ಬದಲಿಸಿದರೆ, ಅದು ಕೊಂಡಿಗಳನ್ನೂ ತಾನೇ ತಿದ್ದಬಲ್ಲದು. ಹೊರಗಿನಿಂದ, ಅಂದರೆ ಗಣಕಯಂತ್ರದ ಫೈಲುಗಳ ಪಟ್ಟಿಯಲ್ಲಿ ಈ ಕೆಲಸ ಮಾಡಿದರೆ ಕೊಂಡಿಗೆ ಸುದ್ದಿ ಮುಟ್ಟದೆ ಹೋಗಬಹುದು. ಹಳೆಯ ಹೆಸರು ಸಿಗದಾಗ ಅಬ್ಸಿಡಿಯನ್ ಅದೇ ಹೆಸರಿನ ಹೊಸ ಹಾಳೆಯೊಂದನ್ನು ಮುಂದಿಡುವದು. ಗಾಬರಿಯಿಂದ ಅದರಲ್ಲಿ ಮತ್ತೆ ಬರೆಯತೊಡಗಬಾರದು. ಒಂದೇ ವಿಷಯಕ್ಕೆ ಎರಡು ಟಿಪ್ಪಣಿಗಳಾದರೆ ಔಷಧದಂಥ ಸಂಗತಿಯಲ್ಲಿ ಅನರ್ಥವಾದೀತು. ನೋಷನ್ ಎಂಬುದರಲ್ಲಿ ಪ್ರತಿಯೊಂದು ಪುಟಕ್ಕೂ ಒಳಗೊಂದು ಗುರುತುಸಂಖ್ಯೆಯಿರುವದರಿಂದ ಪುಟವು ಜಾಗ ಬಿಟ್ಟರೂ ಕೊಂಡಿ ಕೆಡದು.

ಈ ಗುರುತುಸಂಖ್ಯೆಯ ಉಪಾಯವು ನಮ್ಮ ಕಡೆಯ ಒಕ್ಕಲುಮನೆಗಳಿಗೆ ಹೊಸದಲ್ಲ. ಹೊಲಕ್ಕೆ ಬೇವಿನಗಿಡದ ಹೊಲವೆಂದು ಕರೆದರೆ ಗಿಡ ಬಿದ್ದ ದಿವಸ ಗುರುತೂ ಬಿದ್ದಂತೆಯೇ. ಆದುದರಿಂದಲೇ ೧೯ನೆಯ ಶತಮಾನದಲ್ಲಿ ಮುಂಬಯಿ ಸರಕಾರದವರು ಮೋಜಣಿ ಮಾಡಿಸಿ ಹೊಲಗಳಿಗೆ ಸರ್ವೆ ನಂಬರು ಕೊಟ್ಟರು. ಹೊಲವನ್ನು ಮಾರಿದರೂ, ಒಡೆಯನು ತೀರಿಕೊಂಡರೂ ನಂಬರು ಅದೇ. ೪೨ನೆಯದು ಅಣ್ಣತಮ್ಮಂದಿರಲ್ಲಿ ಪಾಲಾದರೆ ೪೨/೧, ೪೨/೨ ಎಂದು ಹಿಸ್ಸೆಗಳಾಗುವವು, ೪೩ಕ್ಕೆ ಧಕ್ಕೆಯಿಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್‌ರು (೧೯೨೭–೧೯೯೮) ತಮ್ಮ ಸುಮಾರು ೯೦,೦೦೦ ಚೀಟಿಗಳನ್ನು ಇಂಥದೇ ಕ್ರಮದಿಂದ ಇಟ್ಟಿದ್ದರು. ಚೀಟಿಗೆ ಒಮ್ಮೆ ಕೊಟ್ಟ ಸಂಖ್ಯೆ ಸ್ಥಿರ. ನಡುವೆ ಹೊಸದು ಸೇರಿದರೆ ಸಂಖ್ಯೆಯ ಮುಂದೆ ಒಂದು ಅಕ್ಷರವನ್ನು ಹಚ್ಚುವರು. ಅವರ ಮನೆಯಲ್ಲಿ ರಜೆಗೆ ಬಂದು ಚೀಟಿಗಳನ್ನು ವಿಷಯವಾರು ಜೋಡಿಸುವವರು ಯಾರೂ ಇರಲಿಲ್ಲವೆಂದು ಕಾಣುತ್ತದೆ.

ವಾಚಕಿಯರು ಈಗ ಮಾಡತಕ್ಕದ್ದಿಷ್ಟು. ಮೊದಲು ಎಲ್ಲ ಟಿಪ್ಪಣಿಗಳ ಪ್ರತಿಯೊಂದನ್ನು ಬೇರೆಡೆ ತೆಗೆದಿಡಬೇಕು. ಬಳಿಕ ಮುಖ್ಯವಾದ ಟಿಪ್ಪಣಿಗಳ ಮೊದಲ ಸಾಲಿನಲ್ಲಿ ಒಂದೊಂದು ಸಂಖ್ಯೆಯನ್ನು ಬರೆದು, ಕೊಂಡಿ ಇರುವಲ್ಲೆಲ್ಲ ಆ ಸಂಖ್ಯೆಯನ್ನು ಪಕ್ಕದಲ್ಲಿ ನಮೂದಿಸಬೇಕು. ಕೊಂಡಿಯು ಮುರಿದರೂ ಸಂಖ್ಯೆಯನ್ನು ಹುಡುಕಿದರೆ ಟಿಪ್ಪಣಿ ಸಿಗುವದು. ಇದು ಬೇಸರದ ಕೆಲಸವೆಂಬುದು ನಿಜ. ಸಾರಿನ ಪುಡಿಯ ಅಳತೆಗೆ ಇದು ಬೇಕಿಲ್ಲ. ಔಷಧ, ಸಾಲ, ಹೊಲಮನೆಗಳ ಟಿಪ್ಪಣಿಗಳಿಗಾದರೂ ಮಾಡಬೇಕು.

ಕಳೆದ ಟಿಪ್ಪಣಿಯನ್ನು ಸದ್ಯಕ್ಕೆ ಅದರೊಳಗಿನ ಯಾವುದಾದರೊಂದು ಶಬ್ದದಿಂದ ಹುಡುಕಬಹುದು. ಗುಳಿಗೆಯ ಹೆಸರು ನೆನಪಿಲ್ಲದಿದ್ದರೆ "ದದ್ದು" ಎಂದರೂ ಸಾಕು. ಆದರೆ ಯಂತ್ರವು ಅಕ್ಷರವನ್ನು ನೋಡುವದೇ ಹೊರತು ಅರ್ಥವನ್ನಲ್ಲ. ನಮ್ಮ ಜಿಲ್ಲೆಯ ಹೆಸರು ೨೦೧೪ರ ನವೆಂಬರ ೧ರಿಂದ ವಿಜಯಪುರವಾಗಿದೆ. ಅದಕ್ಕೂ ಹಿಂದಿನ ಟಿಪ್ಪಣಿಗಳನ್ನು ಬಿಜಾಪುರವೆಂದೂ ವಿಜಾಪುರವೆಂದೂ ಹುಡುಕಿ ನೋಡಬೇಕು. ನಮ್ಮಂತೆ "ಮಾಡುವದು" ಎಂದು ಬರೆಯುವವರ ಟಿಪ್ಪಣಿಯನ್ನು ಮಕ್ಕಳು "ಮಾಡುವುದು" ಎಂದು ಹುಡುಕಿದರೆ ಸಿಗಲಿಕ್ಕಿಲ್ಲ.