ಮೆಹಮಾನರನ್ನು ಕರೆಯುವ ಮೊದಲು

ನನ್ನ ಖಾಲಾ ಅವರ ಮಗ ಜರ್ಮನಿಯ ಫ್ರೈಬರ್ಗ್‌ನಲ್ಲಿ ಓದುತ್ತಿದ್ದಾರೆ. ಮನೆಯಲ್ಲಿ ನಾವೆಲ್ಲ ಅವರನ್ನು ಭಾಯಿಜಾನ್ ಎನ್ನುತ್ತೇವೆ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಯೂರೋವಿಷನ್ ಹಾಡಿನ ಸ್ಪರ್ಧೆ ಹಾಗೆ. ಅವರಿಂದ ನನಗೂ ಆ ಹುಚ್ಚು ಹತ್ತಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಸ್ಪರ್ಧೆ 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ಶುರುವಾಯಿತು. ಒಂದೊಂದು ದೇಶ ಒಂದೊಂದು ಹಾಡು ಕಳುಹಿಸುತ್ತದೆ. ಗೆದ್ದ ದೇಶವೇ ಸಾಮಾನ್ಯವಾಗಿ ಮುಂದಿನ ವರ್ಷ ಸ್ಪರ್ಧೆ ನಡೆಸುತ್ತದೆ. 2024ರಲ್ಲಿ ಸ್ವಿಟ್ಜರ್ಲೆಂಡಿನ ನೆಮೋ ಗೆದ್ದದ್ದರಿಂದ 2025ರ ಮೇ ತಿಂಗಳಲ್ಲಿ ಬಾಸೆಲ್ ನಗರದಲ್ಲಿ ಸ್ಪರ್ಧೆ ನಡೆಯಿತು. 37 ದೇಶಗಳು ಬಂದವು.

ಭಾಯಿಜಾನ್‌ಗೆ ಟಿಕೆಟ್ ಸಿಗಲಿಲ್ಲ. ಆದರೂ ಫೈನಲ್‌ಗೆ ಮೂರು ವಾರ ಇರುವಾಗ ಒಂದು ಶನಿವಾರ ರೈಲು ಹತ್ತಿ ಬಾಸೆಲ್ ನೋಡಿ ಬಂದರು. "ಸ್ಪರ್ಧೆಯೇ ಇಲ್ಲದಾಗ ಹೋಗಿ ಏನು ನೋಡಿದಿರಿ?" ಎಂದು ನಾನು ಫೋನಿನಲ್ಲಿ ನಕ್ಕೆ. "ಮದುವೆ ದಿನ ಎಲ್ಲರೂ ನೋಡುತ್ತಾರೆ, ಮದುವೆ ಮನೆ ನೋಡಬೇಕಾದರೆ ಮೊದಲೇ ಹೋಗಬೇಕು" ಎಂದರು.

ಅವರು ಕೆಂಪು ಬಣ್ಣದ ಹಳೆಯ ಪುರಭವನದ ಮುಂದೆ ನಿಂತಿದ್ದರಂತೆ. ರೈನ್ ನದಿಯನ್ನು ಇಂಜಿನ್ ಇಲ್ಲದ ದೋಣಿಯಲ್ಲಿ ದಾಟಿದರಂತೆ. ಆ ದೋಣಿಯನ್ನು ಮೇಲಿನ ತಂತಿಗೆ ಕಟ್ಟಿರುತ್ತಾರೆ, ನೀರಿನ ಸೆಳೆತವೇ ಅದನ್ನು ಆಚೆ ದಡಕ್ಕೆ ಒಯ್ಯುತ್ತದೆ. ಆಮೇಲೆ ಸ್ಪರ್ಧೆ ನಡೆಯುವ ಸೇಂಟ್ ಯಾಕೋಬ್ ಸಭಾಂಗಣವನ್ನು ಹೊರಗಿನಿಂದಲೇ ನೋಡಿದರು. ಆದರೆ ಅವರ ಮನಸ್ಸಿನಲ್ಲಿ ಉಳಿದದ್ದು ಒಂದು ಬೇಕರಿಯ ಮಾತು. ಬ್ರೆಡ್ ಕಟ್ಟಿಕೊಡುತ್ತಿದ್ದ ವಯಸ್ಸಾದ ಹೆಂಗಸು ಹೇಳಿದರಂತೆ: "ನಾನು ಇದು ಬೇಡ ಎಂದು ಓಟು ಹಾಕಿದೆ. ಸೋತೆ. ಈಗ ಅತಿಥಿಗಳು ಬರುತ್ತಿದ್ದಾರೆ, ಆ ವಾರ ಅಂಗಡಿಯನ್ನು ತಡವಾಗಿ ಮುಚ್ಚುತ್ತೇನೆ."

ಓಟು ಹಾಕಿದ್ದು ನಿಜ. ಸ್ಪರ್ಧೆಗಾಗಿ ಅಲ್ಲಿನ ಶಾಸನಸಭೆ ಸುಮಾರು 3.5 ಕೋಟಿ ಫ್ರಾಂಕ್ ಮಂಜೂರು ಮಾಡಿತ್ತು. ಒಂದು ಸಣ್ಣ ಸಂಪ್ರದಾಯವಾದಿ ಪಕ್ಷ ಅದನ್ನು ವಿರೋಧಿಸಿ, ಸಹಿ ಸಂಗ್ರಹಿಸಿ, ಜನರನ್ನೇ ಕೇಳಿ ಎಂದಿತು. 2024ರ ನವೆಂಬರ್ 24ರಂದು ಮತದಾನವಾಯಿತು. ನೂರಕ್ಕೆ 66ಕ್ಕೂ ಹೆಚ್ಚು ಮಂದಿ ಒಪ್ಪಿದರು.

ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾದ್ದರಿಂದ ನಾನು ಲೆಕ್ಕ ಹಾಕಿದೆ. ಅಲ್ಲಿನ ಜನಸಂಖ್ಯೆ ಸುಮಾರು 2 ಲಕ್ಷ. ಅಂದರೆ ತಲೆಗೆ ಸುಮಾರು 175 ಫ್ರಾಂಕ್, ನಮ್ಮ ದುಡ್ಡಿನಲ್ಲಿ 15,000 ರೂಪಾಯಿಗೂ ಹೆಚ್ಚು. ಹಾಡು ಇಷ್ಟವಿಲ್ಲದವರ ಪಾಲೂ ಅದರಲ್ಲಿದೆ. ಹಾಗಿದ್ದ ಮೇಲೆ ಕೇಳುವುದೇ ನ್ಯಾಯ. ಕೇಳಿದ್ದರಿಂದ ಉತ್ಸವ ನಿಲ್ಲಲಿಲ್ಲ. ಬೇಡ ಎಂದವರು ಕೂಡ ಬಾಗಿಲು ತೆರೆದರು, ಏಕೆಂದರೆ ಅವರ ಮಾತಿಗೂ ಎಣಿಕೆ ಸಿಕ್ಕಿತ್ತು.

ಇದನ್ನು ದಾದಿಗೆ ಹೇಳಿದೆ. "ಹಾಡಿಗೆ ಇಷ್ಟು ದುಡ್ಡಾ?" ಎಂದು ಮೊದಲು ಬೈದರು. ಆಮೇಲೆ, "ಮಶ್ವರಾ ಮಾಡಿದ್ದು ಒಳ್ಳೆಯದಾಯಿತು. ಮೆಹಮಾನರನ್ನು ಕರೆಯುವ ಮೊದಲು ಅಡುಗೆ ಮಾಡುವವಳನ್ನು ಕೇಳಬೇಕು" ಎಂದರು.

ಈಗ ನಮ್ಮ ಕಾಲೇಜಿನ ಮಾತು. ಕಳೆದ ವರ್ಷ ನಮ್ಮಲ್ಲಿ ಅಂತರ ಕಾಲೇಜು ಉತ್ಸವ ನಡೆಯಿತು. ವೇದಿಕೆ, ಬೆಳಕು, ಊಟ ಎಲ್ಲವೂ ಚೆನ್ನಾಗಿತ್ತು. ನಾನೂ ಸ್ವಯಂಸೇವಕರ ಬ್ಯಾಡ್ಜ್ ಹಾಕಿಕೊಂಡು ಓಡಾಡಿ ಖುಷಿಪಟ್ಟೆ. ಅದಕ್ಕೆ ಪ್ರತಿಯೊಬ್ಬರೂ ಮೂರು ದಿನದೊಳಗೆ 300 ರೂಪಾಯಿ ಕೊಡಬೇಕೆಂದು ನೋಟಿಸ್ ಬಂದಿತ್ತು. ನನ್ನ ಬೆಂಚಿನ ಗೆಳತಿ ಆ ವಾರ ಕಾಲೇಜಿಗೇ ಬರಲಿಲ್ಲ. ಜ್ವರ ಎಂದಳು. ಮನೆಯಲ್ಲಿ ದುಡ್ಡು ಕೇಳಲಾಗದೆ ಉಳಿದಿದ್ದಳು ಎಂದು ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬೇರೆ ಕಾಲೇಜುಗಳಿಂದ ಬಂದ ಅತಿಥಿಗಳಿಗೆ ನಾನು ಶರಬತ್ತು ಕೊಡುತ್ತಿದ್ದಾಗ ನಮ್ಮ ಮನೆಯವಳೇ ಹೊರಗಿದ್ದಳು.

ಎಲ್ಲದಕ್ಕೂ ಓಟು ಹಾಕುತ್ತಾ ಕುಳಿತರೆ ಕೆಲಸ ಸಾಗುತ್ತದೆಯೇ ಎಂದು ನಮ್ಮ ಉಪನ್ಯಾಸಕರು ಕೇಳಬಹುದು. ಎಲ್ಲದಕ್ಕೂ ಬೇಡ. ವಿದ್ಯಾರ್ಥಿಗಳ ಜೇಬಿನಿಂದ ಹಣ ಬರುವ ಕೆಲಸಕ್ಕೆ ಮಾತ್ರ ಸಾಕು. ಈ ವರ್ಷ ಉತ್ಸವಕ್ಕೆ ಒಂದು ತಿಂಗಳು ಮೊದಲು ಖರ್ಚಿನ ಅಂದಾಜನ್ನು ಒಂದೇ ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಲಿ. ತರಗತಿವಾರು ಚೀಟಿ ಹಾಕಿ ನಮ್ಮ ಅಭಿಪ್ರಾಯ ಪಡೆಯಲಿ. ಕೊಡಲಾಗದವರು ಯಾರಿಗೂ ತಿಳಿಯದಂತೆ ಕಚೇರಿಗೆ ಹೇಳುವ ದಾರಿ ಇರಲಿ. ನನ್ನ ಓಟು ಉತ್ಸವ ಬೇಕು ಎನ್ನುವುದಕ್ಕೇ.

ಬಾಸೆಲ್ ಫೈನಲ್ ನಮ್ಮಲ್ಲಿ ರಾತ್ರಿ 12.30ಕ್ಕೆ ಶುರುವಾಯಿತು. ಅಮ್ಮಿ ಮಲಗಿದ ಮೇಲೆ ಫೋನಿನಲ್ಲಿ ನೋಡಿದೆ. ಆಸ್ಟ್ರಿಯಾದ ಜೆಜೆ ಗೆದ್ದರು, ಹಾಗಾಗಿ 2026ರ ಸರದಿ ವಿಯೆನ್ನಾದ್ದು. ಭಾಯಿಜಾನ್ ಆಗಲೇ ರೈಲಿನ ದರ ನೋಡುತ್ತಿದ್ದರು. ನಾನು ಆ ಬೇಕರಿಯ ಅಜ್ಜಿ ಎಷ್ಟು ಹೊತ್ತಿಗೆ ಅಂಗಡಿ ಮುಚ್ಚಿದರೋ ಎಂದು ಯೋಚಿಸುತ್ತಿದ್ದೆ.