ಹಿಮಪಾತವೂ ಆಳುವವರ ಹೊಣೆಯೂ

ಚಳಿಗಾಲ ಬಂದೊಡನೆ ಅಮೆರಿಕಾದ ಉತ್ತರ ಪ್ರಾಂತಗಳ ಜನರು ಫ್ಲಾರಿಡಾದ ಬಿಸಿಲನ್ನು ಹಂಬಲಿಸುವುದು ಸಹಜವೇ ಆಗಿದೆ. ಆ ಹಂಬಲವನ್ನು ನಾವು ಹಳಿಯಲಾರೆವು. ಆದರೆ ಪ್ರಯಾಣದ ವೆಚ್ಚವನ್ನು ತೆರಬಲ್ಲವರು ಎಷ್ಟು ಮಂದಿ? ಉಳಿದವರು ತಮ್ಮೂರಿನಲ್ಲಿಯೇ ಹಿಮವನ್ನು ಎದುರಿಸಬೇಕು.

2022ನೆಯ ಡಿಸೆಂಬರ್ 23ರಂದು ಬಫಲೋ ನಗರಕ್ಕೆರಗಿದ ಹಿಮದ ಬಿರುಗಾಳಿಯನ್ನು ನೋಡಿರಿ. ಹೆಪ್ಪುಗಟ್ಟದಿದ್ದ ಈರಿ ಸರೋವರದ ಮೇಲೆ ಹಾದುಬಂದ ಶೀತಮಾರುತವು ತೇವವನ್ನು ಹೀರಿ, ನಾಲ್ಕೈದು ದಿನಗಳಲ್ಲಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ 4 ಅಡಿಗೂ ಮಿಕ್ಕು ಹಿಮವನ್ನು ಸುರಿಯಿತು. ನಗರದಲ್ಲಿಯೂ ಸುತ್ತಣ ಪ್ರದೇಶದಲ್ಲಿಯೂ 40ಕ್ಕೂ ಹೆಚ್ಚು ಜನರು ಮಡಿದರು. ಕೆಲವರು ವಾಹನಗಳಲ್ಲಿ, ಕೆಲವರು ಬೀದಿಗಳಲ್ಲಿ, ಕೆಲವರು ಶಾಖವಿಲ್ಲದ ಮನೆಗಳಲ್ಲಿ. ರಕ್ಷಿಸಲು ಹೊರಟ ವಾಹನಗಳೇ ಹಿಮದಲ್ಲಿ ಸಿಕ್ಕಿಬಿದ್ದುವು.

ಹವಾಮಾನ ಇಲಾಖೆಯು ಕೆಲದಿನಗಳ ಮೊದಲೇ ಎಚ್ಚರಿಸಿತ್ತು. ಸಂಚಾರ ನಿಷೇಧದ ಆಜ್ಞೆಯಾದರೋ, ಅಂದು ಬೆಳಿಗ್ಗೆ ಅನೇಕರು ಕೆಲಸಕ್ಕೆ ಹೊರಟ ಮೇಲೆ ಹೊರಟಿತು. ಸಂಬಳ ತಪ್ಪೀತೆಂದು ಮನೆಬಿಟ್ಟವನನ್ನು ಏಕೆ ಹೊರಟೆಯೆಂದು ಕೇಳುವುದು ನ್ಯಾಯವಲ್ಲ. ಪ್ರಕೃತಿಯನ್ನು ತಡೆಯುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಹೊತ್ತು ಮೀರದೆ ಆಜ್ಞೆ ಮಾಡುವುದು ಸಾಧ್ಯ. ಬೆಚ್ಚನೆಯ ನಾಡಿಗೆ ಹೋಗಲಾರದವನಿಗೆ ಬೆಚ್ಚನೆಯ ಕೊಠಡಿಯನ್ನಾದರೂ ಒದಗಿಸುವುದು ಆಳುವವರ ಧರ್ಮವೆಂದು ನಾವು ಭಾವಿಸುತ್ತೇವೆ.