ಬಾಣದ ಗುರುತು ಬಸ್ಸಿನ ಅಡಿಯಲ್ಲಿದ್ದರೆ ಕಾಣುವುದು ಯಾರಿಗೆ?



ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಬಲಕ್ಕೆ ತಿರುಗುವವರು ಎಡಬದಿಯಿಂದ ನುಗ್ಗುತ್ತಾರೆ, ನೇರ ಹೋಗುವವರು ಫ್ರೀ ಲೆಫ್ಟ್‌ಗೆ ಅಡ್ಡ ನಿಲ್ಲುತ್ತಾರೆ. ಇದಕ್ಕೆಲ್ಲ ಸವಾರರ ಅಶಿಸ್ತೇ ಕಾರಣ ಎನ್ನುವುದು ವಾಡಿಕೆ. ಅಶಿಸ್ತು ಇದೆ, ನಿಜ. ಆದರೆ ಯಾವ ಲೇನ್ ಎತ್ತ ಹೋಗುತ್ತದೆಂದು ರಸ್ತೆಯೇ ತಿಳಿಸದಿದ್ದಾಗ ತಪ್ಪನ್ನು ಪೂರ್ತಿ ಸವಾರರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಎಷ್ಟೋ ಕಡೆ ಬಾಣದ ಗುರುತು ಇರುವುದು ಸ್ಟಾಪ್ ಲೈನಿನ ಹತ್ತಿರ ಮಾತ್ರ. ಕೆಂಪು ದೀಪ ಬಿದ್ದೊಡನೆ ಅದರ ಮೇಲೊಂದು ಬಸ್ಸು, ಸುತ್ತ ಹತ್ತಾರು ಸ್ಕೂಟರ್ ನಿಂತಿರುತ್ತವೆ. ಹಿಂದಿದ್ದವನಿಗೆ ಬಾಣ ಕಾಣುವುದು ಹಸಿರು ಬಿದ್ದು ಬಸ್ಸು ಕದಲಿದ ಮೇಲೆ. ಅಷ್ಟರಲ್ಲಿ ಅವನು ತಪ್ಪು ಲೇನಿನಲ್ಲಿರುತ್ತಾನೆ, ಹಿಂದಿನಿಂದ ಹಾರ್ನ್ ಶುರುವಾಗಿರುತ್ತದೆ. ಇಂಡಿಕೇಟರ್ ಹಾಕಿ ಅಡ್ಡ ಹಾಯದೆ ಬೇರೆ ದಾರಿಯೇ ಉಳಿಯುವುದಿಲ್ಲ.

ನಿಯಮಕ್ಕೇನೂ ಕೊರತೆಯಿಲ್ಲ. ಎಡಕ್ಕೆ ತಿರುಗುವವರು ರಸ್ತೆಯ ಎಡ ಅಂಚು ಹಿಡಿಯಬೇಕು, ಬಲಕ್ಕೆ ತಿರುಗುವವರು ಮೊದಲೇ ರಸ್ತೆಯ ನಡುವಿನತ್ತ ಸರಿಯಬೇಕು ಎಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು. ಅವುಗಳ ಜಾಗಕ್ಕೆ 2017ರಲ್ಲಿ ಚಾಲನಾ ನಿಯಮಾವಳಿ ಬಂತು. ಅದನ್ನು ಮುರಿದವರಿಗೆ ಮೋಟಾರು ವಾಹನ ಕಾಯ್ದೆಯ 177ಎ ಕಲಂ 500ರಿಂದ 1,000 ರೂಪಾಯಿ ದಂಡ ವಿಧಿಸುತ್ತದೆ.

ಹಳೆಯ ನಿಯಮದಲ್ಲಿ ಒಂದು ತೊಡಕಿತ್ತು: ಬಲಕ್ಕೆ ತಿರುಗಿದವರು ಹೊಸ ರಸ್ತೆಯ ಎಡಬದಿಗೆ ಸೇರಬೇಕೆಂದು ಅದು ಹೇಳುತ್ತಿತ್ತು. ಒಂದೇ ಸಾಲು ತಿರುಗುವ ಕಡೆ ಇದು ಸರಿ. ಎರಡು ಸಾಲು ಒಟ್ಟಿಗೆ ತಿರುಗುವ ಇಂದಿನ ಜಂಕ್ಷನ್‌ಗಳಲ್ಲಿ ಒಳಸಾಲಿನ ಕಾರು ಎಡಕ್ಕೆ ಎಳೆದರೆ ಹೊರಸಾಲಿನ ಬೈಕಿಗೆ ಜಾಗವೆಲ್ಲಿ? ತಿರುವು ಮುಗಿಯುವತನಕ ತಂತಮ್ಮ ಸಾಲು ಬಿಡದಂತೆ ಜಂಕ್ಷನ್ ನಡುವೆ ತುಂಡು ಗೆರೆ ಎಳೆದರೆ ಈ ಗೊಂದಲ ತಪ್ಪುತ್ತದೆ.

ಕಲಿಕೆಯ ವಿಷಯದಲ್ಲೂ ನಿಯಮಕ್ಕೆ ಕೊರತೆಯಿಲ್ಲ. ಎಡಬಲಕ್ಕೆ ಸರಿಯಾಗಿ ತಿರುಗಿ ಜಂಕ್ಷನ್ ಪ್ರವೇಶಿಸುವುದು ಕೇಂದ್ರ ಮೋಟಾರು ವಾಹನ ನಿಯಮಾವಳಿಯ 15ನೇ ನಿಯಮದಂತೆ ಚಾಲನಾ ಪರೀಕ್ಷೆಯ ಭಾಗ. ಮೈದಾನದಲ್ಲಿ ಎಂಟು ಹಾಕಿಸಿ ಕಳಿಸಿದರೆ ಅದು ಪರೀಕ್ಷೆಯಾಗದು.

2022ರ ಕೊನೆಗೆ ನಗರದ 50 ಜಂಕ್ಷನ್‌ಗಳಿಗೆ ಸ್ವಯಂಚಾಲಿತ ಕ್ಯಾಮೆರಾ ಬಂದವು. ಹೆಲ್ಮೆಟ್ ಇಲ್ಲದವರು, ಸಿಗ್ನಲ್ ಹಾರಿದವರು ಸಿಕ್ಕಿಬೀಳುತ್ತಿದ್ದಾರೆ, ಒಳ್ಳೆಯದೇ. ಲೇನ್ ತಪ್ಪಿ ತಿರುಗುವವರಿಗೂ ದಂಡ ಹಾಕಲಿ. ಅದಕ್ಕೆ ಮೊದಲು ಕನಿಷ್ಠ ಈ 50 ಕಡೆಗಳಲ್ಲಾದರೂ ನೂರು ಮೀಟರ್ ಹಿಂದಿನಿಂದಲೇ ಬಾಣ ಬರೆಸಿ, ತಲೆಯ ಮೇಲೆ ಕನ್ನಡದ ಲೇನ್ ಫಲಕ ತೂಗುಹಾಕಲಿ.

— ಓದುಗರೊಬ್ಬರು, ಬೆಂಗಳೂರು